ಬಾಕಿ ಚಿಲ್ಲರೆ

ಹನ್ನೊಂದನೆಯ ವರ್ಷಕ್ಕೆ ಲಾಭ ಬಂತು.
ಬಂತು ಎಂದರೆ, ಆಡಿಟರ್ ಕಾಮತರು ಕನ್ನಡಕ ತೆಗೆದು
ಪಂಚೆಯ ತುದಿಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು
'ಇದೆ ಕಣಮ್ಮ' ಎಂದರು. ಅಷ್ಟೆ.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ, ಟೈರಂಗಡಿಯ ಮಹಡಿಯಲ್ಲಿ
ಮೂರುಹೊಳೆ ಮೋಟಾರ್ಸ್ ಪ್ರೈವೇಟ್ ಲಿಮಿಟೆಡ್:
ಎರಡು ಬಸ್ಸು, ಒಂದು ಬೀರು, ರಬ್ಬರಿನ ವಾಸನೆ.
ಹಳೆಯ ನಷ್ಟದ ಗುಂಡಿಗಳನ್ನೆಲ್ಲ ಮೊದಲು ತುಂಬಬೇಕಂತೆ,
ಕಡಂಗದ ರಸ್ತೆಗೆ ಯಾರೂ ಹೇಳಿಲ್ಲ ಈ ಕಾನೂನು.
ಸವಕಳಿ ಕಳೆಯಬೇಕು, ಸೀಟಿನ ಸ್ಪಂಜು, ಗೇರುಬಾಕ್ಸು.
ಕಾಗದದ ಮೇಲೆ ಬಸ್ಸು ವರ್ಷವರ್ಷವೂ ಇಷ್ಟಿಷ್ಟೇ ಸಾಯುತ್ತದೆ,
ರಸ್ತೆಯ ಮೇಲೆ ಮಾತ್ರ ಒಮ್ಮೆಲೇ, ಪಾರಾಣೆಯ ಏರಿನಲ್ಲಿ,
ಮದುವೆ ದಿಬ್ಬಣ ತುಂಬಿಕೊಂಡಿದ್ದಾಗ.

ಎಲ್ಲ ಕಳೆದು, ಮುಂದಕ್ಕೆ ಅಂತ ಒಂದಿಷ್ಟು ಎತ್ತಿಟ್ಟು, ಹಂಚಬಹುದಾದದ್ದು
ಶೇರಿಗೆ ಒಂದು ರೂಪಾಯಿ ಇಪ್ಪತ್ತು ಪೈಸೆ.

ಸುಬೇದಾರ್ ಪಳಂಗಪ್ಪನವರು ಇಸ್ತ್ರಿ ಅಂಗಿ ತೊಟ್ಟು ಬಂದರು,
ನಲವತ್ತು ಸಾವಿರ ಶೇರು, ಪಿಂಚಣಿಯ ಇಡಿಗಂಟಲ್ಲಿ ಕೊಂಡದ್ದು.
ಮೊಯ್ದು ಬಂದ, ಉಗುರಲ್ಲಿ ಗ್ರೀಸು,
ನಾಲ್ಕು ಸಾವಿರ, ನಾವು ಕೊಡಲಾಗದ ರಿಪೇರಿ ಬಿಲ್ಲುಗಳ ಬದಲಿಗೆ.
ನಾನು, ನನ್ನ ಅತ್ತಿಗೆ ಬೊಳ್ಳವ್ವ.
ಬೆಲ್ಲದ ಕಾಫಿ, ಬೇಕರಿಯ ಖಾರಾ ಬನ್.
ಕೋರಂ ಇದೆ, ಎಂದು ಬರೆದುಕೊಂಡೆ.

ಅಲ್ಲ, ನ್ಯಾಯ ಹೇಳಿ:
ಚಳಿಯಲ್ಲಿ ಗೋಣಿ ಹಾಸಿ ಬಸ್ಸಿನಡಿ ಮಲಗಿ
ಬೆಳಗಿನ ಆರರ ಟ್ರಿಪ್ಪಿಗೆ ಕ್ಲಚ್ಚು ಕೂರಿಸಿದವನಿಗೂ
ವರ್ಷಕ್ಕೊಮ್ಮೆ ಬಂದು 'ಹೇಗಿದೆ?' ಎಂದವರಿಗೂ
ಅದೇ ಒಂದು ರೂಪಾಯಿ ಇಪ್ಪತ್ತು ಪೈಸೆ.
ಶೇರಿಗೆ ಬೆನ್ನುನೋವು ಗೊತ್ತಿಲ್ಲ.
ಮೊಯ್ದುವಿಗೆ ಸ್ವಲ್ಪ ಹೆಚ್ಚು ಹಾಕಲಾಗದೆ, ಕೇಳಿದೆ.
'ಕೂಲಿ ಬೇರೆ, ಪಾಲು ಬೇರೆ.' ಕಾಮತರು ಬನ್ ಮುರಿದರು.

ಸುಬೇದಾರರಿಗೆ ನಲವತ್ತೆಂಟು ಸಾವಿರ.
ಅದರಲ್ಲಿ ತೆರಿಗೆಗೆಂದು ಮುರಿದುಕೊಂಡದ್ದು ನಾಲ್ಕು ಸಾವಿರದ ಎಂಟುನೂರು.
ಮೊಯ್ದುವಿಗೆ ಬಂದದ್ದು ಪೂರಾ ಅಷ್ಟೇ.
ಯಾರೂ ಏನೂ ಅನ್ನಲಿಲ್ಲ.
ಅವನು ಚೆಕ್ಕನ್ನು ಎರಡೇ ಬೆರಳಲ್ಲಿ,
ಹೊಸ ಬೇರಿಂಗು ಹಿಡಿಯುವ ಹಾಗೆ,
ಬೆಳಕಿಗೆ ತಿರುಗಿಸಿ ನೋಡಿದ.
'ಬಸ್ಸು ನನಗೆ ದುಡ್ಡು ಕೊಟ್ಟಿತಾ?'

ಇನ್ನು ಜೋಯಪ್ಪನ ಏಳುನೂರೈವತ್ತು ಶೇರು.
ರಸ್ತೆ ಕುಸಿದು ಬಸ್ಸು ನಿಂತ ವರ್ಷ
ಸಂಬಳದ ಬದಲು ಶೇರುಪತ್ರ ಕೊಟ್ಟಾಗ
ಟಿಕೆಟ್ಟಿನಂತೆ ನಾಲ್ಕು ಮಡಿಸಿ ಕಿಸೆಗಿಟ್ಟವನು.
ನಮ್ಮ ಕಂಡಕ್ಟರು. ಕಿವಿಯ ಹಿಂದೆ ಬಾಲ್‌ಪೆನ್ನು.
ಚಿಲ್ಲರೆ ಇಲ್ಲದಾಗ ಟಿಕೆಟ್ಟಿನ ಬೆನ್ನಿಗೆ ಬರೆದು
ಸುತ್ತ ಒಂದು ಸೊನ್ನೆ ಸುತ್ತಿ ಕೊಡುವನು: ಮೂರು. ಹದಿಮೂರು.
ಕೇಳದೆ ಇಳಿದುಹೋದವರನ್ನು ಮಾರನೆಯ ವಾರ
ಮುಖ ನೋಡಿಯೇ ಹಿಡಿಯುವನು:
'ಅಕ್ಕಾ, ನಿಮ್ಮ ಏಳು.'

ಅವನಿಗೆ ಹೋದ ಲಕೋಟೆ ತಿರುಗಿ ಬಂತು,
ಅಂಚೆಯವರ ಅಡ್ಡಬರಹ: ಊರು ಬಿಟ್ಟಿದ್ದಾರೆ.
ಕುಟ್ಟದಲ್ಲಿ ಕಂಡೆ ಎಂದರು ಒಬ್ಬರು.
ಇಲ್ಲ, ಮಾನಂದವಾಡಿಯ ಲಾಡ್ಜೊಂದರ ಗಲ್ಲಾದಲ್ಲಿ ಎಂದರು ಇನ್ನೊಬ್ಬರು.
ಹಳೆಯ ನಂಬರಿಗೆ ಫೋನು ಮಾಡಿದರೆ ಯಾವಳೋ
ಮಲೆಯಾಳದಲ್ಲಿ ಬೈದಳು.

ಯಾರೂ ಪಡೆಯದ ಡಿವಿಡೆಂಡಿಗೆ ಬೇರೆಯದೇ ಖಾತೆ ಬೇಕು.
'ಒಂಬೈನೂರು ರೂಪಾಯಿಗಾ?' ಬ್ಯಾಂಕ್ ಮ್ಯಾನೇಜರು ನಕ್ಕರು.
ಹೌದು. ಏಳು ವರ್ಷ ನಾವು ಕಾಯುತ್ತೇವೆ,
ಆಮೇಲೆ ಸರ್ಕಾರ ಕಾಯುತ್ತದಂತೆ.
ಫಾರಮ್ಮಿನ ಪುಟಪುಟಕ್ಕೂ ಸಹಿ, ಮೊಹರು.
ಮೊಹರಿನ ಶಾಯಿ ಒಣಗಿತ್ತು, ಬಾಯಿಯ ಆವಿ ಊದಿ ಊದಿ ಒತ್ತಿದೆ.

ಸಂಜೆ ಐದೂವರೆಯ ನಾಪೋಕ್ಲು ಬಸ್ಸಿಗೆ ಹತ್ತಿದೆ, ನಮ್ಮದೇ.
ಕಂಡಕ್ಟರ್ ಹುಡುಗಿ ಸೇರಿ ಎರಡು ದಿನ, ನನ್ನ ಗುರುತಿಲ್ಲ.
ನೂರರ ನೋಟು ಕೊಟ್ಟೆ. ಚಿಲ್ಲರೆ ಇಲ್ಲ.
ಬರೆಯಲೆಂದು ಟಿಕೆಟ್ಟು ತಿರುಗಿಸಿದಳು,
ಬೆನ್ನ ತುಂಬ ಟೀಪುಡಿಯ ಜಾಹೀರಾತು, ಜಾಗವಿಲ್ಲ.
'ನೀವೇ ನೆನಪಿಟ್ಟುಕೊಳ್ಳಿ ಮೇಡಂ, ಅರವತ್ತೆಂಟು.'

ಇಟ್ಟುಕೊಂಡೆ. ಕಡಂಗ ದಾಟುವವರೆಗೂ
ಅರವತ್ತೆಂಟು, ಅರವತ್ತೆಂಟು ಎಂದುಕೊಂಡೇ ಇದ್ದೆ.
ಇಳಿಯುವ ಮೆಟ್ಟಿಲಲ್ಲಿ ಕೈ ಚಾಚಿದಾಗ
ಬಾಯಿಗೆ ಬಂದದ್ದು: 'ಒಂಬೈನೂರು.'
ಹುಡುಗಿ ಸೀಟಿ ಊದುವುದನ್ನು ಮರೆತು
ನನ್ನನ್ನೇ ನೋಡಿದಳು.